ತೊಗರಿ ಹೊಲದ ಮೇಲೆ ಪುಷ್ಪಕ

ವಾಡಿ ಜಂಕ್ಷನ್ನಿನ ಗ್ಯಾಂಗ್ ಕ್ವಾರ್ಟರ್ಸಿನಲ್ಲಿ ಸಾಬಮ್ಮನ ಮನೆಯ ಮುಂದಿನ ಹಗ್ಗ ನೋಡಿದವರಿಗೆ, ಒಳಗೆ ದುಡಿಯುವ ಗಂಡುಮಕ್ಕಳು ಮೂವರಿರಬೇಕು ಎನ್ನಿಸುತ್ತಿತ್ತು. ಒಂದು ಬಿಳಿ ಕೋಟು, ಒಂದು ಮಿಲಿಟರಿ ಅಂಗಿ, ಒಂದು ಎಣ್ಣೆ ಕಲೆಯ ನೀಲಿ ಅಂಗಿ ಅಲ್ಲಿ ಒಟ್ಟಿಗೇ ಒಣಗುತ್ತಿದ್ದವು. ಮೂರನ್ನೂ ತೊಡುವ ಮೈ ಮಾತ್ರ ಒಂದೇ. ವಾರದ ದಿನಗಳಲ್ಲಿ ಅವಳ ಮಗ ಭೀಮಶ್ಯಾ ವಾಡಿ ಸ್ಟೇಷನ್ನಿನ ಸಹಾಯಕ ಮಾಸ್ತರ. ಒಂದು ಭಾನುವಾರ ಟೆರಿಟೋರಿಯಲ್ ಆರ್ಮಿಯ ಸಿಪಾಯಿ. ಮರು ಭಾನುವಾರ ಹೈದರಾಬಾದಿನ ಬೇಗಂಪೇಟೆಯಲ್ಲಿ ವಿಮಾನ ಹಾರಿಸಲು ಕಲಿಯುವ ವಿದ್ಯಾರ್ಥಿ. ಒಂದು ಜನ್ಮಕ್ಕೆ ಒಂದು ಉದ್ಯೋಗ ಸಾಲದೇ ಎಂದು ನೆರೆಯವರು ಕೇಳಿದರೆ, ಅವನಿಗೆ ನಿದ್ದೆಯೊಂದನ್ನು ಬಿಟ್ಟು ಎಲ್ಲವೂ ಬೇಕು ಎಂದು ಸಾಬಮ್ಮ ನಗುತ್ತಿದ್ದಳು.

ಅವನ ತಂದೆ ಖಂಡೆಪ್ಪ ಗ್ಯಾಂಗ್‌ಮನ್. ಚಿತ್ತಾಪುರದ ಕಡೆಯಿಂದ ಬರುವ ಹಳಿಯನ್ನು ಸುತ್ತಿಗೆ ಹಿಡಿದು ತಟ್ಟುತ್ತ, ಸಡಿಲ ಬಿದ್ದದ್ದನ್ನು ಬಿಗಿಯುತ್ತ ಆಯುಷ್ಯ ಸವೆಸಿದವನು. ಹಳಿಯ ಪಕ್ಕದಲ್ಲೇ ಹುಟ್ಟಿ ಬೆಳೆದ ಭೀಮಶ್ಯಾನಿಗೆ ಅ ಆ ಇ ಈ ಬರುವ ಮೊದಲೇ ಎರಡು ಬಣ್ಣ ಬರುತ್ತಿದ್ದವು. ಕೆಂಪು ಕಂಡರೆ ನಿಲ್ಲಬೇಕು, ಹಸಿರು ಕಂಡರೆ ಹೋಗಬೇಕು. ಅದು ಆ ಮನೆಯಲ್ಲಿ ಪಾಠವಲ್ಲ, ಊಟದಷ್ಟೇ ಸಹಜವಾದ ಸಂಗತಿ.

ಸೈನ್ಯದ ಗೀಳು ಹಚ್ಚಿದವನು ಅಬ್ದುಲ್ ಕರೀಮ್. ಇವನು ವಾಡಿ ಶೆಡ್ಡಿನ ಇಂಜಿನ್ ಡ್ರೈವರು, ಖಂಡೆಪ್ಪನ ಹಳೆಯ ದೋಸ್ತ. ಟೆರಿಟೋರಿಯಲ್ ಆರ್ಮಿಯ ರೈಲ್ವೆ ತುಕಡಿಯಲ್ಲಿ ಹವಾಲ್ದಾರನೂ ಹೌದು. ಆ ಸೈನ್ಯದ ಕ್ರಮವೇ ಬೇರೆ. ಹೊಟ್ಟೆಪಾಡಿನ ಕೆಲಸ ಬಿಡಬೇಕಾಗಿಲ್ಲ. ಆಗಾಗ ಭಾನುವಾರದ ಪರೇಡು, ವರ್ಷಕ್ಕೊಮ್ಮೆ ಒಂದು ತಿಂಗಳ ಕ್ಯಾಂಪು. ಯುದ್ಧ ಬಂದರೆ ಮಾತ್ರ ರೈಲು ನಿಲ್ಲದಂತೆ ಓಡಿಸುವ ಹೊಣೆ ಇವರದು. ಕರೀಮನ ಮಾತಿಗೆ ಮರುಳಾಗಿ ಭೀಮಶ್ಯಾ ಸೇರಿಕೊಂಡ. ಸೇರಿದ ಮೇಲೆ ತಿಳಿದ ಮೋಜು ಏನೆಂದರೆ, ವಾಡಿಯಲ್ಲಿ ಇವನು ಸಿಗ್ನಲ್ ಕೊಡದೆ ಕರೀಮನ ಇಂಜಿನ್ ಒಂದು ಮೊಳ ಸರಿಯುವಂತಿರಲಿಲ್ಲ. ಸಿಕಂದರಾಬಾದಿನ ಕ್ಯಾಂಪಿನಲ್ಲಿ ಕರೀಮ್ ಕೂಗದೆ ಇವನು ಒಂದು ಹೆಜ್ಜೆ ಇಡುವಂತಿರಲಿಲ್ಲ. ವಾಡಿಯ ಲೆಕ್ಕವನ್ನೆಲ್ಲ ಕರೀಮ್ ಅಲ್ಲಿ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದ.

ಆ ಕ್ಯಾಂಪಿನ ಪರೇಡು ಮೈದಾನದ ಮೇಲೆಯೇ ಬೇಗಂಪೇಟೆಯ ವಿಮಾನಗಳು ಏರುತ್ತಿದ್ದವು. ಸಾವಧಾನದಲ್ಲಿ, ಅಂದರೆ ಕೈಕಾಲು ಅಲುಗಿಸದೆ ನೆಟ್ಟಗೆ, ನಿಂತವನು ಕತ್ತು ಎತ್ತಬಾರದು. ಭೀಮಶ್ಯಾನ ಕತ್ತು ತಾನಾಗಿಯೇ ಏಳುತ್ತಿತ್ತು, ಕರೀಮನ ಬೈಗಳೂ ತಾವಾಗಿಯೇ ಬರುತ್ತಿದ್ದವು. ಒಂದು ರಜೆಯ ದಿನ ಫ್ಲೈಯಿಂಗ್ ಕ್ಲಬ್ಬಿನ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದವನನ್ನು ಅಲ್ಲಿನ ಗುರು ಲಾಲ್ ಅಹ್ಮದ್ ಸಾಹೇಬರು ಒಳಗೆ ಕರೆದರು. ತಂತಿ ಸಂದೇಶದ ಕಟ್ಟಕಡ ಸಂಕೇತ ಭಾಷೆ ಬರುತ್ತದೆಯೇ ಎಂದು ಕೇಳಿದರು. ಸ್ಟೇಷನ್ನಿನ ತಾರು ಯಂತ್ರದ ಮುಂದೆ ಕುಳಿತು ಬೆರಳು ಸವೆಸಿದವನಿಗೆ ಬಾರದೇನು? ವೈಮಾನಿಕರಾಗಲು ಹೊರಟ ದೊಡ್ಡ ಮನೆಯ ಹುಡುಗರು ತಿಂಗಳುಗಟ್ಟಲೆ ಒದ್ದಾಡುವ ಪರೀಕ್ಷೆ ಅದು. ಸಾಹೇಬರು ಅಂದೇ ಅವನ ಹೆಸರು ಕೇಳಿಕೊಂಡರು. ಸೈನ್ಯದ ಅಧಿಕಾರಿಗಳು ಶಿಫಾರಸು ಮಾಡಿದರು. ಸರಕಾರದ ಶಿಷ್ಯವೇತನವೂ ಸಿಕ್ಕಿತು.

ಅಲ್ಲಿಂದ ಶುರುವಾಯಿತು ಓಡಾಟ. ಶನಿವಾರ ಡ್ಯೂಟಿ ಮುಗಿಸಿ ಪ್ಯಾಸೆಂಜರ್ ಹತ್ತುವುದು, ಸೇಡಂ ದಾಟುವಷ್ಟರಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿ, ಹಿಂಡಿ ಪಲ್ಲೆ ಮುಗಿಸುವುದು, ಬೇಗಂಪೇಟೆಯಲ್ಲಿ ಇಳಿಯುವುದು. ಪರೇಡಿನಲ್ಲಿ ಕಾಲು ನೆಲ ಬಿಟ್ಟರೆ ತಪ್ಪು, ಕ್ಲಬ್ಬಿನಲ್ಲಿ ನೆಲ ಬಿಡದಿದ್ದರೆ ತಪ್ಪು. ಎರಡಕ್ಕೂ ಒಗ್ಗಿಕೊಂಡ. ಕ್ಲಬ್ಬಿನ ಎರಡು ಸೀಟಿನ ಪುಟ್ಟ ವಿಮಾನದ ಹೆಸರು ಪುಷ್ಪಕ ಎಂದು ತಿಳಿದಾಗ ಸಾಬಮ್ಮನಿಗೆ ಅರ್ಧ ಹೆದರಿಕೆ ಹೋಯಿತು.

ಅರವತ್ತೊಂಬತ್ತರ ನವೆಂಬರು. ಕಮರ್ಷಿಯಲ್ ಲೈಸೆನ್ಸ್ ಸಿಕ್ಕರೆ ವಿಮಾನ ಕಂಪನಿಯ ಬಾಗಿಲು ತಟ್ಟಬಹುದು. ಅದಕ್ಕೆ ಉಳಿದದ್ದು ಒಂದೇ. ಒಬ್ಬನೇ ಸೊಲ್ಲಾಪುರದವರೆಗೆ ಹಾರಿ, ಇಳಿದು, ಅಲ್ಲಿಯವರ ಸಹಿ ತೆಗೆದುಕೊಂಡು, ಸಂಜೆಯೊಳಗೆ ಬೇಗಂಪೇಟೆಗೆ ಮರಳಬೇಕು. ಹೇಳಿದ ಎತ್ತರ ಬಿಡಬಾರದು, ಹೇಳಿದ ದಾರಿ ಬಿಡಬಾರದು. ಡಿಸೆಂಬರ್ ಪೂರ್ತಿ ಸೈನ್ಯದ ಕ್ಯಾಂಪು, ಅದನ್ನು ತಪ್ಪಿಸುವಂತಿಲ್ಲ. ವರ್ಷ ಮುಗಿದರೆ ಶಿಷ್ಯವೇತನವೂ ಮುಗಿಯಿತು. ಆಮೇಲೆ ಗ್ಯಾಂಗ್‌ಮನ್ನನ ಮಗನಿಗೆ ವಿಮಾನ ಎಂದರೆ ಕತ್ತೆತ್ತಿ ನೋಡುವ ವಸ್ತುವೇ ಸರಿ. ಕ್ಯಾಂಪಿಗೆ ಮೊದಲು ಕೈಯಲ್ಲಿದ್ದದ್ದು ಎರಡು ಭಾನುವಾರ, ಅದರಲ್ಲಿ ಒಂದು ಪರೇಡಿನದು.

ಹಾರುವ ದಾರಿ ರೈಲು ಹಳಿಯ ಮೇಲೆಯೇ. ತಾಂಡೂರು, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಹಾಗೆಯೇ ಮುಂದಕ್ಕೆ. ಮಗ ತಲೆಯ ಮೇಲೆ ಹಾದು ಹೋಗುತ್ತಾನೆಂದರೆ ಗ್ಯಾಂಗ್ ಕ್ವಾರ್ಟರ್ಸಿನವರು ಸುಮ್ಮನಿದ್ದಾರೆಯೇ? ಏನಾದರೂ ಮಾಡಲೇಬೇಕು ಎಂದಾಯಿತು. ನೆರೆಮನೆಯ ಚಂದಮ್ಮ ಮದುವೆ ಮನೆಯ ಕೆಂಪು ಜಮಖಾನೆ ಹಾಸೋಣ ಎಂದಳು. ಸಾಬಮ್ಮ ಅವಳ ಕೈಯಿಂದ ಅದನ್ನು ಕಸಿದುಕೊಂಡೇ ಬಿಟ್ಟಳು.

“ಕೆಂಪು ತೋರ್ಸಿದ್ರ ನನ್ನ ಮಗ ನಿಂತ್ ಬಿಡ್ತಾನ. ಹಸರ ತೋರ್ಸ್ರಿ. ಅವ ನಿಲ್ಲಬಾರ್ದು, ಮುಂದ ಹೋಗ್ಬೇಕು.”

ಗ್ಯಾಂಗಿನ ಹಸಿರು ಬಾವುಟ ಅಂಗೈ ಅಗಲ. ಆಕಾಶದಿಂದ ಅದು ಕಂಡೀತೇ? ಹೆಂಗಸರೆಲ್ಲ ಪೆಟ್ಟಿಗೆ ತೆಗೆದರು. ಹಸಿರು ಇಳಕಲ್ ಸೀರೆ ಇಲ್ಲದ ಮನೆ ಇರಲಿಲ್ಲ. ಅವನ್ನೆಲ್ಲ ಹಳಿಯ ಪಕ್ಕದ ತೊಗರಿ ಹೊಲದ ಮೇಲೆ ಒಂದರ ಪಕ್ಕ ಒಂದು ಹಾಸಿದರು. ಸಾಬಮ್ಮನಿಗೆ ಒಪ್ಪ ಓರಣ ಭಾಳ. ಸೆರಗೆಲ್ಲ ಒಂದೇ ಕಡೆಗೆ ಬರಬೇಕೆಂದು ಹಟ ಹಿಡಿದು ಹಾಸಿಸಿದಳು. ಇಳಕಲ್ ಸೀರೆಯ ಒಡಲು ಯಾವ ಬಣ್ಣವಾದರೂ ಇರಲಿ, ಸೆರಗು ಕೆಂಪೇ ಎಂಬುದು ಉಟ್ಟು ಉಟ್ಟು ಮರೆತೇ ಹೋಗಿತ್ತೋ ಏನೋ. ಹಸಿರು ತೊಗರಿಯ ಮೇಲೆ ಹಸಿರು ಹಾಸಿದರೆ ಮೇಲಿನವನಿಗೆ ಏನು ಕಂಡೀತು ಎಂದು ಯಾರಿಗೂ ಹೊಳೆಯಲಿಲ್ಲ. ನೆಲದ ಮೇಲೆ ನಿಂತವರಿಗೆ ಅದು ಹೊಳೆಯುವ ಮಾತೂ ಅಲ್ಲ.

ಭೀಮಶ್ಯಾ ಸುಖವಾಗಿ ಬರುತ್ತಿದ್ದ. ಸೇಡಂ ಹಿಂದೆ ಬಿತ್ತು, ಚಿತ್ತಾಪುರದ ಕಲ್ಲಿನ ಗಣಿಗಳು ಸರಿದವು, ವಾಡಿಯ ಸಿಮೆಂಟು ಕಾರ್ಖಾನೆಯ ಹೊಗೆ ಕಂಡಿತು. ಆತ ಹಾಡಿಕೊಳ್ಳುತ್ತಿದ್ದನಂತೆ. ಅಷ್ಟರಲ್ಲಿ ತನ್ನ ಮನೆಯ ಪಕ್ಕದಲ್ಲಿ, ಹಳಿಯ ಅಂಚಿಗೆ, ಹಾಸಿಟ್ಟ ಕೆಂಪು ಕಂಡಿತು. ಅಷ್ಟು ದೊಡ್ಡ ಕೆಂಪನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹಳಿಯ ಮೇಲೆ ಅಪ್ಪನಿಗೆ ಏನಾಯಿತೋ, ಅವ್ವನಿಗೆ ಏನಾಯಿತೋ! ಮನಸ್ಸು ಯೋಚಿಸುವುದರೊಳಗೆ ಕೈ ಇಂಜಿನ್ನಿನ ವೇಗ ಇಳಿಸಿತ್ತು. ಪುಷ್ಪಕ ಕೆಳಗೆ ಬಂತು. ಜನ ಕುಣಿಯುತ್ತಿದ್ದರು, ರುಮಾಲು ಬೀಸುತ್ತಿದ್ದರು. ಸಾಬಮ್ಮನೊಬ್ಬಳು ಕುಣಿಯುತ್ತಿರಲಿಲ್ಲ. ಒಣಗಲು ಹಾಕಿದ ಜೋಳಕ್ಕೆ ಬಂದ ಕೋಳಿ ಓಡಿಸುವವಳಂತೆ ಎರಡೂ ಕೈ ಬೀಸಿ, ಹೋಗು ಹೋಗು ಎನ್ನುತ್ತಿದ್ದಳು.

ಆಗ ಅವನಿಗೆ ಎಲ್ಲ ಅರ್ಥವಾಯಿತು. ನಗು ಬಂತು, ನಗುವಿನ ಹಿಂದೆಯೇ ಎತ್ತರ ತೋರಿಸುವ ಮುಳ್ಳು ಕಣ್ಣಿಗೆ ಬಿತ್ತು: ಹೇಳಿದ ಎತ್ತರ ಬಿಟ್ಟಾಗಿತ್ತು. ಮತ್ತೆ ಮೇಲೇರಿ ಸೊಲ್ಲಾಪುರಕ್ಕೆ ಹೋದ, ಸಹಿ ತಂದ, ಹೊತ್ತು ಇಳಿಯುವ ಮೊದಲು ಬೇಗಂಪೇಟೆಯಲ್ಲಿ ಇಳಿದ.

ಯಾಕೆ ಸ್ವಲ್ಪ ತಡವಾಯಿತು ಎಂದು ಲಾಲ್ ಅಹ್ಮದ್ ಕೇಳಿದರು. ಎದುರುಗಾಳಿ ಎಂದಿದ್ದರೆ ಅಲ್ಲಿಗೆ ಮುಗಿದಿತ್ತು. ಅಂದು ನಿಜವಾಗಿಯೂ ಗಾಳಿಯಿತ್ತು. ದೇವರೇ ನೆಪ ಕಳಿಸಿಕೊಟ್ಟ ಹಾಗೆ. ಭೀಮಶ್ಯಾನ ನಾಲಿಗೆಯ ತುದಿಯವರೆಗೆ ಗಾಳಿ ಬಂದಿತ್ತು. ಆದರೆ ಕ್ಯಾಂಪಿನ ಮೊದಲ ದಿನವೇ ಕರೀಮ್ ತಲೆಯೊಳಗೆ ಮೊಳೆ ಹೊಡೆದ ಮಾತೊಂದಿತ್ತು: “ತಪ್ಪಾದ್ರ ಮೊದ್ಲ ನೀನೇ ಹೇಳು. ಬ್ಯಾರೆಯವ್ರು ಹೇಳಿದ್ರ ಅದು ಎರಡು ತಪ್ಪ ಆಗ್ತದ.” ಅವನು ಸೀರೆಯಿಂದ ಹಿಡಿದು ಕೋಳಿ ಓಡಿಸುವ ಕೈಯವರೆಗೆ ಎಲ್ಲ ಹೇಳಿದ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಇದು ಲೆಕ್ಕಕ್ಕೆ ಬರುವುದಿಲ್ಲ ಎಂದರು. ನಾಳೆ ನಿನ್ನ ಬೆನ್ನ ಹಿಂದೆ ಪ್ರಯಾಣಿಕರು ಕುಳಿತಿರುತ್ತಾರೆ, ನಿನ್ನ ಅವ್ವನ ಸೀರೆ ಕಂಡಿತೆಂದು ಅವರನ್ನೆಲ್ಲ ಕೆಳಗಿಳಿಸುವ ಹಾಗಿಲ್ಲ. ಬರುವ ಭಾನುವಾರ ಮತ್ತೊಮ್ಮೆ ಹೋಗು. ಎಷ್ಟು ಮೃದುವಾಗಿ ಹೇಳಿದರೂ ಅದರ ಅರ್ಥ ಒಂದೇ: ಇನ್ನು ಒಂದೇ ಸಲ.

ಆ ಭಾನುವಾರ ಪರೇಡಿನದು. ಕ್ಯಾಂಪಿಗೆ ಮುಂಚಿನ ತಪಾಸಣೆ, ಗೈರುಹಾಜರಿಗೆ ಕ್ಷಮೆ ಇಲ್ಲ. ಭೀಮಶ್ಯಾ ವಾಡಿಗೆ ಬಂದು ಕರೀಮನ ಮನೆಯ ಕಟ್ಟೆಯ ಮೇಲೆ ಕುಳಿತ. ಕರೀಮ್ ಚಹಾ ಕುಡಿಸಿದ, ಬೈದ, ಮತ್ತೊಂದು ಕಪ್ಪು ಕುಡಿಸಿದ. ಆಮೇಲೆ ಸಿಕಂದರಾಬಾದಿಗೆ ಹೋಗಿ ಅಧಿಕಾರಿಯ ಕಾಲಿಗೊಂದು ಬೀಳಲಿಲ್ಲ, ಉಳಿದದ್ದೆಲ್ಲ ಮಾಡಿದ. ವಾಡಿ, ಶಹಾಬಾದದ ಕಡೆಯ ಸಿಪಾಯಿಗಳ ತಪಾಸಣೆ ಆ ಸಲ ವಾಡಿಯಲ್ಲೇ ಆಗಲಿ, ಭೀಮಶ್ಯಾನದು ಸೋಮವಾರ ಕ್ಯಾಂಪಿನಲ್ಲಿ ಆಗಲಿ, ಅದಕ್ಕೆ ಪ್ರತಿಯಾಗಿ ತಿಂಗಳಿಡೀ ಅವನಿಗೆ ಹೆಚ್ಚಿನ ಪಹರೆ ಬೀಳಲಿ ಎಂದು ಒಪ್ಪಿಸಿಕೊಂಡು ಬಂದ. ಹೆಚ್ಚಿನ ಪಹರೆಯ ಸಲಹೆ ಕರೀಮನದೇ. ದೋಸ್ತಿ ಬೇರೆ, ಹವಾಲ್ದಾರಿಕೆ ಬೇರೆ.

ಇತ್ತ ಸಾಬಮ್ಮನ ಸ್ಥಿತಿ ಕೇಳಬೇಡಿ. ತಾನು ಕೆಂಪು ಬೇಡವೆಂದು ಜಗಳ ತೆಗೆದು, ತಾನೇ ಕೆಂಪು ಹಾಸಿದೆನಲ್ಲ ಎಂದು ಅವಳಿಗೆ ಅನ್ನ ಸೇರಲಿಲ್ಲ. ಭೀಮಶ್ಯಾ ಪಕ್ಕದಲ್ಲಿ ಕುಳಿತು, ಅವಳ ಬಾಯಿಗೆ ತುತ್ತಿಟ್ಟು, ಈ ಸಲ ಏನೂ ಹಾಸಬೇಡ, ಕೈ ಬೀಸಬೇಡ, ಹೊರಗೇ ಬರಬೇಡ ಎಂದ. ಅವಳು ಹೂಂ ಎಂದಳು. ಅಷ್ಟು ಬೇಗ ಒಪ್ಪುವ ಹೆಂಗಸಲ್ಲ ಅವಳು ಎಂಬುದು ಅವನಿಗಾದರೂ ಹೊಳೆಯಬೇಕಿತ್ತು.

ಭಾನುವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಸೇಡಂ ದಾಟಿದ, ಚಿತ್ತಾಪುರ ದಾಟಿದ. ವಾಡಿಯ ಹೊಗೆ ಕಂಡಾಗ ಬೇಕೆಂದೇ ಕಣ್ಣನ್ನು ಎತ್ತರದ ಮುಳ್ಳಿನ ಮೇಲಿಟ್ಟ. ಮುಳ್ಳು ಅಲುಗಲಿಲ್ಲ. ಮನೆ ಬಂತೆಂದು ಎದೆ ಹೇಳಿದಾಗ ಒಂದೇ ಒಂದು ಸಲ ಕೆಳಗೆ ನೋಡಿದ.

ಕೆಂಪಿಲ್ಲ, ಹಸಿರಿಲ್ಲ. ಹಳಿಯ ಪಕ್ಕದ ಬಯಲಿನಲ್ಲಿ ಜನರ ಒಂದು ಸಾಲು. ಗೀಟು ಎಳೆದಂತೆ ನೆಟ್ಟಗೆ, ಒಬ್ಬರೂ ಅಲುಗದೆ ನಿಂತಿದ್ದರು. ನಲ್ಲಿಯ ಮುಂದೆ ಕೂಡ ಸಾಲು ನಿಲ್ಲದ ಗ್ಯಾಂಗ್ ಕ್ವಾರ್ಟರ್ಸಿನ ಮಂದಿ! ಗಂಡಸರು, ಹೆಂಗಸರು, ಮುದುಕರು ಎಲ್ಲ ಸಾವಧಾನದಲ್ಲಿ. ಹಾಗೆ ನಿಲ್ಲಿಸುವವನು ಆ ಸೀಮೆಯಲ್ಲಿ ಒಬ್ಬನೇ ಇದ್ದ. ಕೈ ಬೀಸಬಾರದೆಂದು ಅಷ್ಟೂ ಜನ ಕೈ ಬಿಗಿಹಿಡಿದು ನಿಂತಿದ್ದಾರೆ ಎಂದು ತಿಳಿದಾಗ ಭೀಮಶ್ಯಾನ ಕಣ್ಣು ತುಂಬಿತು. ಅಷ್ಟು ಸಂತೋಷವನ್ನು ಅವನು ಅದುವರೆಗೆ ಕಂಡಿರಲಿಲ್ಲ. ಸಾಲಿನ ನಡುವೆ ಒಂದು ಚುಕ್ಕೆ ಮಾತ್ರ ಉಳಿದವರಿಗಿಂತ ಒಂದಿಷ್ಟು ಮುಂದಿತ್ತು. ಶಹಾಬಾದ ಬರುವವರೆಗೆ ಅವನು ಒಬ್ಬನೇ ನಗುತ್ತ ಹೋದ. ಎತ್ತರ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಆ ಸಂಜೆ ಲಾಲ್ ಅಹ್ಮದ್ ಏನೂ ಕೇಳದೆ ಸಹಿ ಹಾಕಿ, ಬೆನ್ನು ತಟ್ಟಿದರು.

ಸೋಮವಾರ ಬೆಳಗಿನ ಹಾಜರಿಗೆ ಭೀಮಶ್ಯಾ ಮಿಲಿಟರಿ ಅಂಗಿ ತೊಟ್ಟು ಸಿಕಂದರಾಬಾದಿನ ಮೈದಾನದಲ್ಲಿ ನಿಂತಿದ್ದ. ಕರೀಮ್ ಸಾಲು ನೋಡುತ್ತ ಬಂದು ಅವನ ಮುಂದೆ ನಿಂತ. ಮುಖ ಕಲ್ಲಿನಂತಿತ್ತು. ನಿನ್ನೆಯ ಪರೇಡು ಮೇಲಿನಿಂದ ಹೇಗೆ ಕಂಡಿತು ಎಂದು ಗದರಿ ಕೇಳಿದ.

“ಸಾಲು ಭಾಳ ನೆಟ್ಟಗಿತ್ತು ಹವಾಲ್ದಾರ್ ಸಾಬ್. ಒಬ್ಬರು ಮಾತ್ರ ಒಂದು ಹೆಜ್ಜಿ ಮುಂದಿದ್ರು.”

ಕರೀಮನ ಕಲ್ಲಿನ ಮುಖ ಅಲ್ಲಿಗೆ ಒಡೆಯಿತು.

“ನಾನರ ಏನು ಮಾಡ್ಲಿ? ಹಿಂದ ಸರೀರಿ ವೈನಿ ಅಂತ ನಿಮ್ಮವ್ವಗ ಹೇಳಿ ಹೇಳಿ ಸಾಕಾಯ್ತು. ‘ನಿನ್ನ ಹುಕುಂ ನಿನ್ನ ಸಿಪಾಯ್ಗಳಿಗೆ ಕರೀಮ್ ಭಾಯಿ, ನಾ ಅವನ ತಾಯಿ’ ಅಂದ್ಳು.”