ಮೂರನೇ ಮೆಟ್ಟಿಲಿನ ಮೇಲೆ

ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ತಲೆ ಎತ್ತಿದರೆ ಕೈಗೆಟುಕುವ ಬಿಳಿ ಸೂರು, ಅದರ ತುಂಬ ಸಣ್ಣ ಸಣ್ಣ ದೀಪ. ಅದು ಸುಳ್ಳು ಸೂರು. ನಿಜವಾದ ಸೂರು ಅದಕ್ಕೂ ಎಂಟು ಅಡಿ ಮೇಲಿದೆ. ಆ ಎಂಟು ಅಡಿಯ ಕತ್ತಲಲ್ಲಿ ಗೋಡೆಯಿಂದ ಗೋಡೆಗೆ ಒಂದು ಕಬ್ಬಿಣದ ಸರಳು ಇವತ್ತಿಗೂ ಹಾಗೇ ಇದೆ ಎಂದು ಅಂಗಡಿಗೆ ಕರೆಂಟಿನ ಕೆಲಸ ಮಾಡಿದವನು ಹೇಳುತ್ತಾನೆ. ಯಾಕೆ ಎಂದು ಅವನಿಗೆ ಗೊತ್ತಿಲ್ಲ. ಗೊತ್ತಿದ್ದವರು ಊರಲ್ಲಿ ಕಡಿಮೆಯಾಗುತ್ತಿದ್ದಾರೆ.

ಆ ಕಾಲಕ್ಕೆ ಊರಿಗೆ ಇದ್ದದ್ದು ಎರಡು ಬೀದಿ, ಒಂದು ಬಸ್ ನಿಲ್ದಾಣ, ಒಂದು ಜನರಲ್ ಸ್ಟೋರ್. ಸೂಜಿ, ಸೋಪು, ಸುದ್ದಿ, ಸುಳ್ಳು ಏನು ಬೇಕಾದರೂ ಅಲ್ಲಿಗೇ ಹೋಗಬೇಕು. ಕಟ್ಟಡ ಮೊದಲು ಹತ್ತಿಯ ಗೋದಾಮಾಗಿತ್ತು. ಹತ್ತಿ ಹೋಯಿತು, ಹತ್ತುವ ಕೆಲಸ ಉಳಿಯಿತು. ಹದಿನಾರು ಅಡಿ ಎತ್ತರದ ಗೋಡೆ, ಅದರ ತುದಿಯವರೆಗೂ ಮರದ ಕಪಾಟು, ಕಪಾಟಿಗೆ ಹನ್ನೊಂದು ಮೆಟ್ಟಿಲಿನ ಏಣಿ. ಏಣಿಯ ತಲೆಯಲ್ಲಿದ್ದ ಎರಡು ಕೊಕ್ಕೆಗಳು ಆ ಕಬ್ಬಿಣದ ಸರಳಿಗೆ ಸಿಕ್ಕಿಕೊಂಡಿರುತ್ತಿದ್ದವು. ತಳ್ಳಿದರೆ ಏಣಿ ಕಿರ್ರೆನ್ನುತ್ತ ಅಂಗಡಿಯ ಉದ್ದಕ್ಕೂ ಜಾರುತ್ತಿತ್ತು.

ಅಂಗಡಿಯ ಯಜಮಾನರನ್ನು ಊರೆಲ್ಲ ಸ್ಟೋರ್ ಮಾವ ಎನ್ನುತ್ತಿತ್ತು, ಅವರ ಹೆಂಡತಿಯನ್ನು ಸ್ಟೋರ್ ಅತ್ತೆ. ಜನರಲ್ ಸ್ಟೋರಿನಲ್ಲಿ ಸ್ಟೋರ್ ಮಾತ್ರ ಮಾವನದು, ಜನರಲ್ ಅತ್ತೆಯೇ ಎಂಬುದು ಹಳೇ ಜೋಕು. ಮಾವ ಕೌಂಟರಿನ ಹಿಂದೆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಕೂತಲ್ಲಿಂದ ಕೈಗೆ ಸಿಗುವ ಸಾಮಾನೆಲ್ಲ ಅವರ ಖಾತೆ. ಅದಕ್ಕೂ ಮೇಲಿನದನ್ನು ಯಾರಾದರೂ ಕೇಳಿದರೆ, "ಮೇಲಿನವರನ್ನ ಕೇಳಿ" ಎಂದು ಒಳಬಾಗಿಲ ಕಡೆ ಕೈ ತೋರಿಸುತ್ತಿದ್ದರು. ಅತ್ತೆ ಒಳಗಿನಿಂದ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸರಸರನೆ ಏಣಿ ಹತ್ತುತ್ತಿದ್ದರು.

ಎದುರಿನ ಕ್ಷೌರದಂಗಡಿಯವನಿಗೆ ಇದು ದಿನದ ಆಟ.

"ಏನ್ ಮಾವ, ಹೆಂಡ್ತೀನ ಏಣಿ ಹತ್ಸಿ ನೀವು ರಾಜನ ಹಾಗೆ ಕೂತಿದ್ದೀರಲ್ಲ! ಸೋಮಾರಿತನಕ್ಕೂ ಒಂದು ಮಿತಿ ಬೇಡ್ವಾ?"

"ನಾನು ಹತ್ತಿದ್ರೆ ಏಣಿ ಅಳುತ್ತೆ ಕಣೋ. ನೀನು ಕಂಡೋರ ತಲೆ ಬೋಳಿಸೋದು ನೋಡ್ಕೋ."

ಮಾವ ನಗುತ್ತಿದ್ದರು. ಸೋಮಾರಿ ಎಂಬ ಬಿರುದು ಅವರಿಗೆ ಅಂಗಿಯಷ್ಟೇ ಅಗತ್ಯವಾಗಿತ್ತು, ಅದರ ಒಳಗೆ ಮುಚ್ಚಿಡಬೇಕಾದದ್ದೊಂದಿತ್ತು.

ಏಳನೇ ವಯಸ್ಸಿನಲ್ಲಿ ಬಿಸ್ಕತ್ತಿನ ಡಬ್ಬಿಯ ಆಸೆಗೆ ಅವರು ಆ ಏಣಿಯ ತುದಿ ಮುಟ್ಟಿದ್ದರು. ಆಗ ಸರಳೂ ಇರಲಿಲ್ಲ, ಕೊಕ್ಕೆಯೂ ಇರಲಿಲ್ಲ. ಏಣಿ ಜಾರಿ ಬಿತ್ತು. ಹುಡುಗ ಕಪಾಟಿನ ಹಲಗೆ ಹಿಡಿದು, ಒಣಹಾಕಿದ ಬಟ್ಟೆಯ ಹಾಗೆ ನೇತಾಡಿದ. ಅಪ್ಪ ಬಂದು ಇಳಿಸುವ ಹೊತ್ತಿಗೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಮಾರನೇ ವಾರವೇ ಅಪ್ಪ ಸರಳು ಹಾಕಿಸಿದರು. ಏಣಿಯ ಕಾಲು ಗಟ್ಟಿಯಾಯಿತು, ಮಗನದು ಆಗಲಿಲ್ಲ. ಮೂರನೇ ಮೆಟ್ಟಿಲಿನವರೆಗೆ ಸರಿ. ನಾಲ್ಕನೆಯದಕ್ಕೆ ಕಾಲೆತ್ತಿದರೆ ಮೀನಖಂಡ ತಂತಿಯ ಹಾಗೆ ನಡುಗುತ್ತಿತ್ತು.

ಅಪ್ಪ ಇರುವವರೆಗೆ ಅಪ್ಪನೇ ಹತ್ತಿದರು. ಅಪ್ಪ ಹೋದರು, ಮದುವೆಯಾಯಿತು. ಮದುವೆಯಾದ ನಾಲ್ಕನೇ ದಿನ ಒಬ್ಬ ಗಿರಾಕಿ ಲಾಂದ್ರದ ಗಾಜು ಕೇಳಿದ. ಗಾಜು ತುದಿಯಲ್ಲಿತ್ತು. ಮಾವ ಮೂರು ಮೆಟ್ಟಿಲು ಹತ್ತಿ, ಅಲ್ಲೇ ನಿಂತು, ಏನೋ ಹುಡುಕುವವರಂತೆ ಕಪಾಟನ್ನು ನೋಡತೊಡಗಿದರು. ಹೊಸ ಹೆಂಡತಿ ಒಳಬಾಗಿಲಲ್ಲಿ ನಿಂತು ಅವರ ಮುಖ ನೋಡಲಿಲ್ಲ, ಕಾಲು ನೋಡಿದಳು.

"ನೀವಿಳೀರಿ," ಎಂದಳು ಅಂಗಡಿಗೆಲ್ಲ ಕೇಳುವಂತೆ. "ಗಾಜಿನ ಸಾಮಾನು ನಿಮ್ಮ ಕೈಗೆ ಕೊಟ್ರೆ ಉಳಿದ ಹಾಗೇ. ನಾನು ತೆಗೀತೀನಿ."

ಅಷ್ಟೇ. ಆ ರಾತ್ರಿಯಾಗಲಿ, ಮುಂದಿನ ನಲವತ್ತೊಂದು ವರ್ಷಗಳಲ್ಲಾಗಲಿ ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಮಗಳಿಗೂ ಹೇಳಲಿಲ್ಲ. ಕೆಲವು ಸಾಮಾನುಗಳನ್ನು ಮೇಲಿಟ್ಟರೇ ಭದ್ರ.

ಮೇಲಿನ ಲೋಕವನ್ನು ಅತ್ತೆ ತಮ್ಮದೇ ಕ್ರಮದಲ್ಲಿ ಜೋಡಿಸಿದ್ದರು. ಸಾಬೂನೆಲ್ಲ ಒಂದು ಕಡೆ, ದಾರವೆಲ್ಲ ಒಂದು ಕಡೆ ಎಂಬ ಲೆಕ್ಕವಲ್ಲ. ಇಂಥದ್ದನ್ನು ಇಂಥವರು ಕೇಳುತ್ತಾರೆ ಎಂಬ ಲೆಕ್ಕ. ಶಾಲೆಯ ದೊಡ್ಡ ಟೀಚರಿಗೆ ಒಂದು ಅಂಕಣ: ಸೀಮೆಸುಣ್ಣ, ಗಂಟೆಗೆ ಕಟ್ಟುವ ಹಗ್ಗ, ಕೆಂಪು ಶಾಯಿ. ಸೂಲಗಿತ್ತಿಗೆ ಇನ್ನೊಂದು: ಎನಾಮಲ್ ಬೇಸಿನ್, ಹತ್ತಿಯ ಉಂಡೆ, ರಬ್ಬರ್ ಹಾಳೆ. ಕಪಾಟಿಗೆ ಚೀಟಿಯಿಲ್ಲ, ಹೆಸರಿಲ್ಲ. ಯಾರಾದರೂ ಊರು ಬಿಟ್ಟರೆ, ಲೋಕ ಬಿಟ್ಟರೆ ಅವರ ಅಂಕಣದ ಸಾಮಾನು ಎಲ್ಲಕ್ಕಿಂತ ಮೇಲಿನ ಹಲಗೆಗೆ ಬಡ್ತಿ ಪಡೆಯುತ್ತಿತ್ತು. ರೈಲು ನಿಲ್ಲುವುದು ನಿಂತ ಮೇಲೆ ವರ್ಗವಾಗಿ ಹೋದ ಸ್ಟೇಷನ್ ಮಾಸ್ಟರಿಗೆಂದು ತರಿಸಿದ, ಸಿಗ್ನಲ್ ಲಾಂದ್ರದ ಹಸಿರು ಗಾಜು. ಟೈಪಿಂಗ್ ಕಲಿಸುತ್ತಿದ್ದವಳಿಗೆ ತರಿಸಿದ ರಿಬ್ಬನ್.

"ಹೋದವರಿಗೆಲ್ಲ ಯಾಕೆ ಜಾಗ?" ಎಂದು ಮಾವ ಕೆಳಗಿನಿಂದ ಒಮ್ಮೆ ಕೇಳಿದ್ದರು.

"ಅವರ ಮನೆಯವರು ಯಾರಾದ್ರೂ ಬಂದು ಕೇಳಿದ್ರೆ?"

ಯಾರೂ ಬಂದು ಕೇಳಲಿಲ್ಲ. ಅತ್ತೆ ಮಾತ್ರ ವಾರಕ್ಕೊಮ್ಮೆ ಹತ್ತಿ ಧೂಳು ಒರೆಸಿ ಬರುತ್ತಿದ್ದರು.

ಮಂಡಿ ಕೈಕೊಟ್ಟದ್ದು ಒಂದು ಮಧ್ಯಾಹ್ನ, ಏಳನೇ ಮೆಟ್ಟಿಲಿನಲ್ಲಿ. ಅತ್ತೆ ಹೇಗೋ ಇಳಿದು ಸ್ಟೂಲಿನ ಮೇಲೆ ಕೂತವರು ಏಳಲಿಲ್ಲ. ಡಾಕ್ಟರು ಮಂಡಿಯನ್ನು ಒತ್ತಿ ನೋಡಿ, "ಅಮ್ಮಾ, ಇನ್ಮೇಲೆ ಏಣಿ ಕಂಡ್ರೆ ದೂರದಿಂದ ನಮಸ್ಕಾರ ಮಾಡಿ" ಎಂದರು. ಅದೇ ತಿಂಗಳು ಬಸ್ ನಿಲ್ದಾಣದ ಪಕ್ಕ ಗಾಜಿನ ಬಾಗಿಲಿನ ಹೊಸ ಅಂಗಡಿ ತೆರೆದಿತ್ತು. ಅಲ್ಲಿ ಸಾಮಾನೆಲ್ಲ ಎದೆಯೆತ್ತರದಲ್ಲಿ, ಬೇಕಾದವರು ಬೇಕಾದ್ದನ್ನು ಆರಿಸಿಕೊಳ್ಳಬಹುದು. ಮಗಳು ಫೋನು ಮಾಡಿ, "ಅಪ್ಪ, ಮೇಲಿನ ಕಪಾಟು ಕುಯ್ಸಿಬಿಡಿ. ಎಲ್ಲಾ ಕೈಗೆ ಸಿಗೋ ಹಾಗಿರ್ಲಿ" ಎಂದಳು.

ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ಇನ್ನು ಏಣಿಯೂ ಇಲ್ಲ, ನಾಲ್ಕನೇ ಮೆಟ್ಟಿಲೂ ಇಲ್ಲ. ಗುಟ್ಟು ತಮ್ಮೊಂದಿಗೇ ಮಣ್ಣಾಗುತ್ತದೆ. ಮಾವ ಅವತ್ತೇ ಬಡಗಿಗೆ ಹೇಳಿಕಳಿಸಿದರು. ಅತ್ತೆ ಬೇಡ ಎನ್ನಲಿಲ್ಲ.

ಬಡಗಿ ಬರುವ ಹಿಂದಿನ ದಿನ ದೊಡ್ಡ ಟೀಚರು ಅಂಗಡಿಗೆ ಬಂದರು. "ಗಂಟೆ ಹಗ್ಗ ಕಿತ್ತುಹೋಗಿದೆ ಅತ್ತೆ. ಒಂದು ಕೊಡಿ."

ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು. ಒಮ್ಮೆ ಮೇಲೆ ನೋಡಿದರು, ಒಮ್ಮೆ ಗಂಡನನ್ನು ನೋಡಿದರು.

"ಇಲ್ಲಮ್ಮ. ಖಾಲಿಯಾಗಿದೆ."

ಟೀಚರು ಗಾಜಿನ ಬಾಗಿಲಿನ ಅಂಗಡಿಯ ಕಡೆ ನಡೆದರು. ಮಾವನ ಕೈಯಲ್ಲಿದ್ದ ಪೊಟ್ಟಣ ಕೈಯಲ್ಲೇ ಉಳಿಯಿತು. ಹಗ್ಗ ಇತ್ತು. ಬಲಗಡೆಯಿಂದ ಎರಡನೇ ಅಂಕಣದಲ್ಲಿ, ಸೀಮೆಸುಣ್ಣದ ಡಬ್ಬಿಯ ಮೇಲೆ ಸುತ್ತಿಟ್ಟದ್ದು ಕೆಳಗಿನಿಂದಲೇ ಕಾಣುತ್ತಿತ್ತು. ನಲವತ್ತೊಂದು ವರ್ಷದಲ್ಲಿ ಅತ್ತೆಯ ಬಾಯಿಂದ "ಇಲ್ಲ" ಎಂಬ ಮಾತನ್ನು ಯಾವ ಗಿರಾಕಿಯೂ ಕೇಳಿರಲಿಲ್ಲ. ಇವತ್ತು ಹೇಳಿದ್ದು ಯಾರಿಗಾಗಿ ಎಂಬುದು ಮಾವನಿಗೆ ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆ ಬಡಗಿ ಗರಗಸ ಹಿಡಿದು ಬಂದ, ನಾಲ್ಕು ಗೋಣಿಚೀಲವನ್ನೂ ತಂದಿದ್ದ.

"ಮೇಲಿರೋ ಹಳೇ ಸಾಮಾನೆಲ್ಲ ಇದಕ್ಕೆ ತುಂಬಿ ಕೆಳಗೆ ಎಸೀತೀನಿ ಮಾವ. ಅರ್ಧ ಗಂಟೆ ಕೆಲಸ."

"ಎಸೀತೀಯಾ?" ಅತ್ತೆ ಸ್ಟೂಲಿನಿಂದ ಎದ್ದರು. "ಯಾವುದು ಯಾರದು ಅಂತ ನಿನಗೇನೋ ಗೊತ್ತು? ಸರಿ, ನಾನೇ ಇಳಿಸ್ತೀನಿ." ಕುಂಟುತ್ತ ಬಂದು ಏಣಿಗೆ ಕೈಹಾಕಿಯೇಬಿಟ್ಟರು. ಒಳ್ಳೆಯ ಕಾಲು ಮೊದಲ ಮೆಟ್ಟಿಲಿನ ಮೇಲಿತ್ತು, ಕೆಟ್ಟ ಕಾಲು ನೆಲ ಬಿಡಲು ಒಪ್ಪುತ್ತಿರಲಿಲ್ಲ. ತುಟಿ ಕಚ್ಚಿ ಎಳೆದುಕೊಳ್ಳುತ್ತಿದ್ದರು.

ಮಾವ ಕುರ್ಚಿಯಿಂದ ಎದ್ದದ್ದು ಅವರಿಗೇ ಗೊತ್ತಾಗಲಿಲ್ಲ.

"ಇಳಿ."

"ನೀವು ಸುಮ್ನಿರಿ."

"ಇಳೀತೀಯೋ ಇಲ್ವೋ? ಪಕ್ಕಕ್ಕೆ ಬಾ."

ಒಂದು, ಎರಡು, ಮೂರು. ಅಲ್ಲಿಗೆ ಹಳೇ ಪರಿಚಯದ ಮೆಟ್ಟಿಲುಗಳು ಮುಗಿದವು. ಮಾವ ನಿಂತರು. ಎದುರು ಅಂಗಡಿಯವನು ಕ್ಷೌರದ ಕತ್ತಿ ಕೈಯಲ್ಲಿ ಹಿಡಿದೇ ಓಡಿಬಂದ. ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯೂ ಬಂದ. ಉಳಿದರ್ಧ ಕ್ಷೌರಕ್ಕಿಂತ ಇದು ಮುಖ್ಯ ಎಂದು ಅವನಿಗೂ ಅನ್ನಿಸಿರಬೇಕು.

"ಈಗ ನಾಲ್ಕನೇದು," ಎಂದರು ಅತ್ತೆ ಕೆಳಗಿನಿಂದ, ತೀರಾ ಮೆತ್ತಗೆ. "ನಾಲ್ಕು ಅಂದ್ಕೋಬೇಡಿ. ಮೂರನೇದರ ತಮ್ಮ ಅಂದ್ಕೊಳ್ಳಿ."

ಮಾವ ಮೂರನೇದರ ತಮ್ಮನನ್ನು ಮೆಟ್ಟಿದರು. ಆಮೇಲೆ ಅವನ ತಂಗಿಯನ್ನು.

"ಅಯ್ಯೋ ಮಾವ, ಕಾಲು ನಡುಗ್ತಿದೆ!" ಎಂದ ಕ್ಷೌರದವನು.

"ಕಾಲಲ್ಲ ಕಣೋ, ಏಣಿ ನಡುಗ್ತಿರೋದು," ಎಂದರು ಅತ್ತೆ ಥಟ್ಟನೆ. "ಹಳೇ ಏಣಿ."

ಐದನೇ ಮೆಟ್ಟಿಲಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದ ಮಾವನಿಗೆ ಆ ಮಾತು ಕೇಳಿಸಿತು. ಈಗಲೂ ಅವಳೇ ಮುಚ್ಚುತ್ತಿದ್ದಾಳೆ.

"ಏಣಿ ಅಲ್ಲ ಕಣೋ, ನಾನೇ," ಎಂದರು. "ಹೆದರಿಕೆ. ಚಿಕ್ಕಂದಿನಿಂದ."

ಕ್ಷೌರದವನ ಕೈಯ ಕತ್ತಿ ಕೆಳಗಿಳಿಯಿತು.

"ಇಷ್ಟು ವರ್ಷ ಸೋಮಾರಿ ಸೋಮಾರಿ ಅಂತ ಆಡ್ಕೊಂಡ್ನಲ್ಲ ಮಾವ. ಒಂದು ಮಾತು ಹೇಳಬಾರದಿತ್ತಾ?"

"ಸೋಮಾರಿ ಅಂದ್ರೆ ಅದಕ್ಕೊಂದು ಮರ್ಯಾದೆ ಇತ್ತು ಕಣೋ."

ಕ್ಷೌರದವನು ನಗಲಿಲ್ಲ. ಕತ್ತಿಯನ್ನು ಮಡಿಚಿ ಜೇಬಿಗೆ ಹಾಕಿ, ಬಂದು ಏಣಿಯ ಒಂದು ಕಾಲು ಹಿಡಿದ. ಇನ್ನೊಂದನ್ನು ಬಡಗಿ ಹಿಡಿದ. ಅತ್ತೆ ನಡುವೆ ನಿಂತು ಮಾತಾಡುತ್ತಲೇ ಇದ್ದರು. ಮಾತು ನಿಂತರೆ ಮಾವನೂ ನಿಲ್ಲುತ್ತಿದ್ದರು. ಹಾಗಾಗಿ ಮಾತು ಒಗ್ಗರಣೆಯಿಂದ ಹಿಡಿದು ಮಗಳ ಕಿವಿನೋವಿನವರೆಗೆ ಎಲ್ಲೆಲ್ಲೋ ಹೋಯಿತು.

ತುದಿಯ ಹಲಗೆ ಮಾವನ ಮೂಗಿನ ಮುಂದೆ ಬಂತು. ಒಂದು ಚೂರು ಧೂಳಿಲ್ಲ. ಹಸಿರು ಗಾಜು, ರಿಬ್ಬನ್ ಡಬ್ಬಿ, ಅವರು ಮರೆತೇಬಿಟ್ಟಿದ್ದ ಜನರ ಅಗತ್ಯಗಳೆಲ್ಲ ಸಾಲಾಗಿ ಕಾದು ಕೂತಿದ್ದವು.

"ಇಲ್ಲೊಂದು ಕಟ್ಟು ಪೆನ್ಸಿಲ್ ಇದೆಯಲ್ಲೇ. ಕೆಂಪಗೆ, ಚಪ್ಪಟೆ."

ಅತ್ತೆ ತಲೆ ಎತ್ತಲೂ ಇಲ್ಲ. "ಇವನಪ್ಪಂದು. ಮರಕ್ಕೆ ಗೀಟು ಹಾಕೋಕೆ ಅದೇ ಆಗಬೇಕಿತ್ತು ಅವರಿಗೆ. ಬೇರೆಯದು ಕೊಟ್ರೆ ವಾಪಸ್ ತರ್ತಿದ್ರು."

ಬಡಗಿ ಏಣಿಯನ್ನು ಇನ್ನೊಂದು ಕೈಗೆ ಬದಲಾಯಿಸಿ, ಖಾಲಿ ಕೈಯನ್ನು ಮೇಲೆ ಚಾಚಿದ.

ಕೊಡಲೆಂದು ಮಾವ ಕೆಳಗೆ ನೋಡಿದರು. ನೋಡಬಾರದೆಂದು ಐವತ್ತೆಂಟು ವರ್ಷ ಹೆದರಿದ್ದ ನೋಟ. ಕಂಡದ್ದು ಮಾತ್ರ ಅತ್ತೆಯ ಬೈತಲೆ. ಇಷ್ಟು ವರ್ಷ ಅವರು ಹೆಂಡತಿಯನ್ನು ಕೆಳಗಿನಿಂದಲೇ ನೋಡಿದ್ದರು. ಅವಳ ಹಿಮ್ಮಡಿಯ ಒಂದೊಂದು ಬಿರುಕೂ ಗೊತ್ತಿತ್ತು. ನೆತ್ತಿ ಇಷ್ಟು ಬೆಳ್ಳಗಾಗಿದೆ, ಭುಜ ಇಷ್ಟು ಸಣ್ಣದಾಗಿದೆ ಎಂದು ಗೊತ್ತಿರಲಿಲ್ಲ. ಮೇಲಿನವರು ಎಂದು ಎಲ್ಲರಿಗೂ ಬೆರಳು ಮಾಡಿ ತೋರಿಸುತ್ತಿದ್ದ ಆ ಎತ್ತರದ ಹೆಂಗಸು ಏಣಿಯ ಬುಡದಲ್ಲಿ ಒಂದು ಹಿಡಿಯಷ್ಟಾಗಿ ನಿಂತಿದ್ದಳು.

"ಏನಾಯ್ತು? ತಲೆ ಸುತ್ತುತ್ತಾ?"

"ಇಲ್ಲ," ಎಂದರು ಮಾವ. "ಟೀಚರಿಗೆ ಯಾರಾದ್ರೂ ಹೇಳಿಕಳಿಸ್ರಪ್ಪ. ಹಗ್ಗ ಸಿಕ್ತು ಅಂತ."

ಅವತ್ತು ಗರಗಸಕ್ಕೆ ಕೆಲಸ ಸಿಗಲಿಲ್ಲ. ಮಾವನಿಗೆ ಹತ್ತುವುದು ಗೊತ್ತಾಗಿತ್ತು, ಇಳಿಯುವುದು ಗೊತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನದವರೆಗೂ ಮೇಲೇ ಇದ್ದು ವ್ಯಾಪಾರ ನಡೆಸಿದರು. ಮುಂದಿನ ವಾರ ಬಡಗಿ ಏಣಿಯ ಎರಡೂ ಬದಿಗೆ ಹಿಡಿಗಂಬಿ ಕೂರಿಸಿದ, ಕೂಲಿ ಕೇಳಲಿಲ್ಲ. ಅಳತೆಗೆ ಹಾಕಿದ ಗೀಟುಗಳೆಲ್ಲ ಕೆಂಪು.

ಮಾವ ಮತ್ತೂ ಆರು ವರ್ಷ ಹತ್ತಿದರು. ಹೆದರಿಕೆ ಹೋಗಲಿಲ್ಲ, ಜೊತೆಯಲ್ಲೇ ಹತ್ತುತ್ತಿತ್ತು. ಮೂರನೇ ಮೆಟ್ಟಿಲು ದಾಟಿದ ಮೇಲೆ ಅತ್ತೆ ಸ್ಟೂಲಿನ ಮೇಲಿನಿಂದ ಮಾತಾಡುತ್ತಲೇ ಇರಬೇಕಾಗಿತ್ತು. ಮೇಲಿನ ಹಲಗೆಯ ಒಂದೊಂದು ಸಾಮಾನಿನಿಂದ ಒಂದೊಂದು ಮನೆಯ ಕಥೆ ಹೊರಡುತ್ತಿತ್ತು. ಆ ಅಂಗಡಿಯಲ್ಲಿ ದೀಪದ ಬತ್ತಿ ಕೊಳ್ಳಲು ಹೋದರೆ ಊರಿನ ಅರ್ಧ ಚರಿತ್ರೆ ಕೇಳದೆ ಬರುವ ಹಾಗಿಲ್ಲ ಎಂದು ಜನ ಗೊಣಗಿದರು. ಗೊಣಗುತ್ತಲೇ, ಬತ್ತಿ ಮುಗಿಯುವ ಮುಂಚೆಯೇ ಮತ್ತೆ ಬಂದರು.