ಬೆಳಗಿನ ಹೊತ್ತಿನ ನಿಯತ್ತಿನ ಕ್ರೇನು

ಪೀಣ್ಯದ ಆ ಕಾರ್ಖಾನೆಯಲ್ಲಿ ಆರು ಗಂಟೆಯ ಸೈರನ್ ಕೂಗುವಷ್ಟರಲ್ಲಿ ಅಂಜನಮ್ಮ ಸೀರೆಯ ಮೇಲೆ ಖಾಕಿ ಕೋಟು ತೊಟ್ಟು, ಕಬ್ಬಿಣದ ಏಣಿಯ ಇಪ್ಪತ್ತೆರಡು ಮೆಟ್ಟಿಲು ಹತ್ತಿ, ಕ್ರೇನಿನ ಗೂಡಿನಲ್ಲಿ ಕೂತಾಗಿರುತ್ತದೆ. ಕೆಳಗೆ ನರಸಪ್ಪ ಮೂರು ಟನ್ನಿನ ಕಬ್ಬಿಣದ ಎರಕಕ್ಕೆ ಸರಪಳಿ ಬಿಗಿಯುತ್ತಾರೆ. ಎತ್ತು, ಇಳಿಸು ಎಂದು ಕೈಸನ್ನೆ ಮಾಡುವ ಹಿರಿಯರು ಅವರೇ. ಎರಕದ ಮೇಲೆ ತಮ್ಮ ಟೀ ಲೋಟವನ್ನೂ ಇಡುತ್ತಾರೆ, ತುಂಬಿದ ಲೋಟ. ಎರಕ ಮೇಲೇಳುತ್ತದೆ, ನಲವತ್ತು ಅಡಿ ತೇಲುತ್ತದೆ, ದಿಮ್ಮಿಗಳ ಮೇಲೆ ಕೂರುತ್ತದೆ. ಒಂದು ಹನಿಯೂ ಚೆಲ್ಲುವುದಿಲ್ಲ.

ನರಸಪ್ಪ ಟೀ ಕುಡಿದು ಸಾರುತ್ತಾರೆ: "ಬೆಳಿಗ್ಗೆ ಒತ್ತು ಈ ಕ್ರೇನು ಬಲೇ ನಿಯತ್ತು ಕಣ್ರಲಾ. ತಂಪಿರ್ತದಲ್ಲ, ಅದ್ಕೆ."

"ತಂಪಂತೆ!" ಎಂದು ಮೇಲಿನಿಂದ ನಗು.

ಅಬ್ಬಿಗೆರೆಯ ಅಂಜನಮ್ಮ ನಾಲ್ಕು ವರ್ಷ ಇದೇ ನೆಲದ ಕಬ್ಬಿಣದ ಪುಡಿ ಗುಡಿಸಿದವರು. ಊಟದ ಬಿಡುವಿನಲ್ಲಿ ಕ್ರೇನು ಕಲಿಸಿದ್ದು ಹಳೆಯ ಚಾಲಕ ಶ್ಯಾಮಣ್ಣ. ಅವರು ನಿವೃತ್ತರಾದಾಗ ಮ್ಯಾನೇಜರ್ ಕೃಷ್ಣಸ್ವಾಮಿ ಇವರನ್ನು ಆರು ತಿಂಗಳ ಪರೀಕ್ಷೆಗೆ ಹಾಕುತ್ತಾರೆ. ನರಸಪ್ಪನವರದು ಒಂದೇ ತಕರಾರು: "ಎಂಗಸ್ರ ಕೈ ನಡುಗ್ತದೆ ಸಾರ್. ನನ್ ತಲೆ ಮ್ಯಾಲೆ ಮೂರು ಟನ್ನು!"

"ಮೊದಲ ದಿನದಿಂದ ನನ್ನ ಮುಖ ನೋಡಲ್ಲ, ಗೋಡೆಗೆ ಸನ್ನೆ ಮಾಡ್ತಾರೆ," ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ ಅಂಜನಮ್ಮ. "ನಾನೂ ಗೋಡೆ ಪರವಾಗಿ ಎತ್ತಿ ಇಳಿಸ್ತೀನಿ."

ಪಾಳಿಗೆ ಅರವತ್ತು, ಎಪ್ಪತ್ತು ಎತ್ತುವಿಕೆ. ಒಂದೂ ಎರಕ ಕೆಟ್ಟಿಲ್ಲ. "ಮೊದಲ ವಾರ ಒಂದು ಹಲಗೆ ಮುರೀತು, ಅದ್ನೂ ಬರ್ಕಳಿ," ಎಂದು ಅವರೇ ನೆನಪಿಸುತ್ತಾರೆ. ತಮಾಷೆಯೆಂದರೆ, ನಾಜೂಕಿನ ಸರಕೆಲ್ಲವನ್ನೂ ನರಸಪ್ಪ ಅಂಜನಮ್ಮನವರ ಬೆಳಗಿನ ಪಾಳಿಗೇ ಕಾದಿರಿಸುತ್ತಾರೆ. ಕೇಳಿದರೆ, ಕ್ರೇನು ಬೆಳಿಗ್ಗೆ ಒಳ್ಳೆಯದು ಎನ್ನುತ್ತಾರೆ.

ಶನಿವಾರ ಪರೀಕ್ಷೆ ಮುಗಿಯಲಿದೆ. ನರಸಪ್ಪ ಒಪ್ಪಿ ಬರೆದರೆ ಕೆಲಸ ಕಾಯಂ, ಇಲ್ಲವೇ ಮತ್ತೆ ಪೊರಕೆ. "ಪೊರಕೆ ಹಿಡಿಯೋಕೇನು ನಾಚಿಕೆ ಇಲ್ಲ ಸಾರ್. ಆದ್ರೆ ಮೇಲಿಂದ ನೋಡಿ ಅಭ್ಯಾಸ ಆಗ್ಬಿಟ್ಟದೆ."

ಶುಕ್ರವಾರ ಎರಡನೆಯ ಪಾಳಿಯ ಚಾಲಕ ಬರುವುದಿಲ್ಲ. ಹೊಸ ಯಂತ್ರ ಒಯ್ಯಲು ಲಾರಿ ಶೆಡ್ಡಿನೊಳಗೆ ಬಂದು ಕಾಯುತ್ತಿದೆ. ಏಪ್ರಿಲ್ ತಿಂಗಳ ಸುಡು ಮಧ್ಯಾಹ್ನ, ಮೂರು ಗಂಟೆ. ಕೃಷ್ಣಸ್ವಾಮಿ ಅಂಜನಮ್ಮನವರನ್ನೇ ಉಳಿಸಿಕೊಳ್ಳುತ್ತಾರೆ.

"ಮಧ್ಯಾನ ಈ ಕ್ರೇನು ಎಗರ್ತದೆ ಸಾರ್," ಎಂದು ಗೊಣಗುತ್ತಲೇ ನರಸಪ್ಪ ಹೊಸ ಯಂತ್ರಕ್ಕೆ ಸರಪಳಿ ಬಿಗಿದು, ಅದರ ಮೇಲೆ ತುಂಬಿದ ಲೋಟ ಇಡುತ್ತಾರೆ. ಯಂತ್ರ ಎದ್ದು, ತೇಲಿ, ಲಾರಿಯಲ್ಲಿ ಮೆತ್ತಗೆ ಕೂರುತ್ತದೆ. ಲೋಟ ತುಂಬಿದಂತೆಯೇ ಇದೆ. ಇಡೀ ಶೆಡ್ಡು ನರಸಪ್ಪನವರನ್ನೇ ನೋಡುತ್ತದೆ.

"ಇವತ್ತು ಮೋಡ ಐತೆ," ಎನ್ನುತ್ತಾರೆ ಅವರು, ನೆತ್ತಿಯ ಬೆವರು ಒರೆಸುತ್ತ. ನಗು ನಿಲ್ಲಲು ಬಹಳ ಹೊತ್ತು ಹಿಡಿಯುತ್ತದೆ.

ಶನಿವಾರ ಅವರು ಬರೆದುಕೊಟ್ಟ ಚೀಟಿ ಕೃಷ್ಣಸ್ವಾಮಿಯವರ ಮೇಜಿನ ಮೇಲಿದೆ: "ಕ್ರೇನು ಒಳ್ಳೆಯದು. ಬೇರೆಯವರ ಕೈಗೆ ಕೊಟ್ಟು ಕೆಡಿಸಬಾರದು. ಅಂಜನಮ್ಮನವರನ್ನೇ ಕಾಯಂ ಮಾಡುವುದು."

ಸೋಮವಾರ ಆರು ಗಂಟೆ. ಎರಕದ ಮೇಲೆ ಎರಡು ಲೋಟ. ಇನ್ನೊಂದು ಯಾರಿಗೆಂದು ಯಾರೋ ಕೇಳುತ್ತಾರೆ.

"ಕ್ರೇನಿಗೆ," ಎನ್ನುತ್ತಾರೆ ನರಸಪ್ಪ. ಈ ಸಲ ಸನ್ನೆ ಮಾಡುವಾಗ ಕತ್ತೆತ್ತಿ ಮೇಲೆ ನೋಡುತ್ತಾರೆ.

ಎರಕ ಇಳಿಸಿದ ಮೇಲೆ ಅಂಜನಮ್ಮ ಏಣಿಯಿಳಿದು ಬಂದು ಲೋಟ ಖಾಲಿ ಮಾಡುತ್ತಾರೆ. ಟೀ ಹೇಗಿತ್ತೆಂದು ಕೇಳಿದರೆ ಸೆರಗಿನಲ್ಲಿ ಬಾಯಿ ಒರೆಸಿ ನಗುತ್ತಾರೆ:

"ನಮ್ಮ ಕ್ರೇನಿಗೆ ಸಕ್ಕರೆ ಸ್ವಲ್ಪ ಜಾಸ್ತಿ ಬೇಕು ಸಾರ್. ನಾಳೆಯಿಂದ ಹಾಕೋಕೆ ಹೇಳ್ತೀನಿ."