ಆರು ಗಾಜಿನ ಚೂರು

ನಾನು ಬೆಳೆಸೋದು ನ್ಯಾನೊತಂತಿ. ಸತುವಿನ ಉಪ್ಪು ಕರಗಿಸಿದ ನೀರಲ್ಲಿ ಗಾಜಿನ ಚೂರು ಮುಳುಗಿಸಿ ಬಿಸಿಗಿಟ್ಟರೆ, ಅದರ ಮೇಲೆ ಗರಿಕೆ ಹಾಗೆ ಎದ್ದು ನಿಲ್ಲುತ್ತವೆ, ಬರಿಗಣ್ಣಿಗೆ ಕಾಣಲ್ಲ. "ಕಾಣದ್ದನ್ನ ಬೆಳ್ಯಕ್ಕೆ ದಿನಾ ಹಂಗಳದಿಂದ ಚಾಮರಾಜನಗರಕ್ಕೆ ಓಗ್ಬೇಕಾ ಕಣಮ್ಮಿ?" ಅಂತ ಅವ್ವ ಕೇಳಿದ್ದಳು. ತಂತಿಯ ದಪ್ಪ ಬದಲಾಯಿಸಿ ಅದು ಬಿಡುವ ಬೆಳಕನ್ನೂ ಬದಲಾಯಿಸೋದು ನನ್ನ ಪಿಎಚ್‌ಡಿ ಅಂತ ವಿವರಿಸೋಕೆ ಹೋಗಿ ನಾನೇ ಸೋತೆ. ಮೂರು ವರ್ಷಕ್ಕೆ ಒಂದು ಪೇಪರೂ ಇಲ್ಲದವಳು ಏನು ವಿವರಿಸೋದು, ಮಣ್ಣು.

ಆಯುಧಪೂಜೆ ಆದ ಮಾರನೇ ವಾರ ಆರು ಚೂರು ಬೆಳೆಸಿದೆ. ನೇರಳೆ ದೀಪದ ಕೆಳಗಿಟ್ಟರೆ ಸಣ್ಣ ತಂತಿಯದ್ದು ಜೋರು ಹಸಿರು, ದಪ್ಪ ಆಗ್ತಾ ಹೋದಂತೆ ಮಂಕು. ಮೆಟ್ಟಿಲು ಇಳಿದ ಹಾಗೆ ಸರಿಯಾಗಿತ್ತು. ಖುಷಿಗೆ ಊಟ ಸೇರಲಿಲ್ಲ. ನನ್ನ ಗೈಡ್ ಮೇಡಂ ಅವತ್ತೇ ಪೇಪರ್ ಬರೆಯೋಕೆ ಕೂತರು, ಖಾತ್ರಿಗೆ ಇನ್ನೊಂದು ಸಲ ಬೆಳೆಸು ಅಂದರು.

ಬೆಳೆಸಿದೆ. ಈ ಸಲ ದಪ್ಪದ್ದೇ ಜೋರು, ಸಣ್ಣದು ಮಂಕು! ಲೇಬಲ್ ಅದಲುಬದಲಾಯಿತಾ? ಇಲ್ಲ. ಬಿಸಿ ಹೆಚ್ಚುಕಮ್ಮಿ ಆಯಿತಾ? ಅದೂ ಇಲ್ಲ. ತಲೆ ಕೆಟ್ಟು ಗುಂಡ್ಲುಪೇಟೆಯಲ್ಲಿ ಬಸ್ ಬದಲಾಯಿಸೋದೂ ಮರೆತು ಕೂತಲ್ಲೇ ಕೂತಿದ್ದೆ. "ಇಳೀರಮ್ಮ, ಗಾಡಿ ಡಿಪೋಗೆ ಓಯ್ತದೆ" ಅಂತ ಕಂಡಕ್ಟರ್ ಎಬ್ಬಿಸಿದ.

ಮಾರನೇ ದಿನ ಹೊಳೆಯಿತು, ಮೊದಲ ಸಲ ಸಣ್ಣದ್ದರಿಂದ ತೊಳೆದಿದ್ದೆ, ಎರಡನೇ ಸಲ ದಪ್ಪದ್ದರಿಂದ ಶುರುಮಾಡಿದ್ದೆ. ಅಂದರೆ ಮೊದಲು ತೊಳೆದದ್ದು ಯಾವುದೋ ಅದೇ ಬೆಳಗ್ತಿದೆ. ತೊಳೆಯೋದು ಅಂದರೆ ಚೂರನ್ನು ಚಿಮಟದಲ್ಲಿ ಹಿಡಿದು ಸ್ಪಿರಿಟ್ ಸುರಿಯೋದು, ಅಷ್ಟೇ. ಬರೀ ಚಿಮಟವನ್ನು ದೀಪದ ಕೆಳಗಿಟ್ಟೆ. ಹಲ್ಲಿನ ಸಂದಿಯೆಲ್ಲ ಹಸಿರು.

ಅರಿಸಿನ. ನಮ್ಮ ಹೊಲದ್ದೇ. ನೇರಳೆ ದೀಪಕ್ಕೆ ಅದೂ ಹಸಿರಾಗಿ ಬೆಳಗುತ್ತೆ. ಲ್ಯಾಬಿನ ಪೂಜೆ ದಿನ ಚಿಮಟಕ್ಕೆ ನಾನೇ ಹಚ್ಚಿದ್ದೆ. ಪೂಜೆಯಾದ ಆಯುಧಕ್ಕೆ ನೀರು ಸುರಿದು ತೊಳೆಯೋದು ನಮ್ಮನೇಲಿ ಇಲ್ಲ, ಬಟ್ಟೆಯಲ್ಲಿ ಒರೆಸಿಕೊಳ್ಳೋದು. ಹಾಗೇ ಒರೆಸಿ ಕೆಲಸಕ್ಕೆ ತಗೊಂಡಿದ್ದೆ. ಉಳಿದದ್ದು ಸ್ಪಿರಿಟ್ಟಿಗೆ ಕರಗಿ ಗಾಜಿಗೆ ಇಳಿದಿತ್ತು. ಮೊದಲ ಚೂರಿಗೆ ಹೆಚ್ಚು, ಕೊನೆಯದಕ್ಕೆ ಕಮ್ಮಿ.

ಎರಡು ದಿನ ಬಾಯಿ ಬಿಡಲಿಲ್ಲ. ಅರಿಸಿನದ ಅಡಿಯಲ್ಲಿ ತಂತಿಯ ಬೆಳಕೂ ಒಂಚೂರು ಇರಬಹುದಲ್ಲ ಅಂತ ಒಂದು ಮನಸ್ಸು, ಇರಲೇಬೇಕು ಅಂತ ಇನ್ನೊಂದು. ಯಾವುದು ಲೆಕ್ಕಾಚಾರ, ಯಾವುದು ಆಸೆ ಅಂತ ಗೊತ್ತಾಗದೆ ನನ್ನ ಮೇಲೇ ಸಿಟ್ಟು ಬರ್ತಿತ್ತು.

ಮೂರನೇ ದಿನ ಮೇಡಂ, "ಪೇಪರ್ ರೆಡಿ, ಇವತ್ತೇ ಕಳಿಸಿಬಿಡೋಣ" ಅಂದರು. ಆಗ ಹೇಳಿಬಿಟ್ಟೆ.

ಬೈಯಲಿಲ್ಲ. ಹೊಸ ಪ್ಲಾಸ್ಟಿಕ್ ಚಿಮಟ ತೆಗೆದು, ಮೊದಲ ಸಲದ ಆರೂ ಚೂರನ್ನು ಒಂದೊಂದಾಗಿ ಸ್ಪಿರಿಟ್ಟಿಗೆ ಅದ್ದಿಸಿದರು. ಹಸಿರು ಹೋಯಿತು. ಉಳಿದದ್ದು ಆರರಲ್ಲೂ ಒಂದೇ ತರಹದ ಮಬ್ಬು ಬೆಳಕು. ಸಣ್ಣದು ದಪ್ಪದ್ದು ಅನ್ನೋ ಭೇದವೇ ಇಲ್ಲ.

ಮೇಡಂ ದೀಪ ಆರಿಸಿದರು. "ಪೇಪರ್ ಇವತ್ತೇ ಕಳಿಸೋಣ ಅಂತ ನಾನು ಅನ್ನದೇ ಇದ್ದಿದ್ರೆ, ನನಗೆ ಯಾವತ್ತು ಹೇಳ್ತಿದ್ದೆ?"

"ನಾಳೆ, ಮೇಡಂ" ಅಂದೆ. ನಿನ್ನೆಯೂ ಹಾಗೇ ಅಂದುಕೊಂಡಿದ್ದೆ, ಮೊನ್ನೆಯೂ.